ನಾವೀಗ ಯಾವ ಪುಟದಲ್ಲಿದ್ದೇವೆ?

ಗ್ರಂಥವೊಂದನ್ನು ಬಿಡಿಸಿ ನೋಡಿದರೆ ಪುಟದ ನೆತ್ತಿಯ ಮೇಲೆ ಒಂದು ಬದಿಗೆ ಗ್ರಂಥದ ಹೆಸರೂ ಇನ್ನೊಂದು ಬದಿಗೆ ಅಧ್ಯಾಯದ ಹೆಸರೂ ಅಚ್ಚಾಗಿರುತ್ತವೆ. ನಿಘಂಟನ್ನು ತೆರೆದರೆ ಆ ಪುಟದ ಮೊದಲ ಪದವೂ ಕೊನೆಯ ಪದವೂ ಮೇಲ್ತುದಿಯಲ್ಲಿ ಕಾಣುತ್ತವೆ. ರೈಲು ನಿಲ್ದಾಣದಲ್ಲಿ ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳಲ್ಲಿ ಊರಿನ ಹೆಸರನ್ನು ಬರೆದಿರುತ್ತಾರೆ. ಇವೆಲ್ಲವೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು. 'ನಾನೀಗ ಎಲ್ಲಿದ್ದೇನೆ?' ಎಂಬುದೇ ಆ ಪ್ರಶ್ನೆ. ಇದನ್ನು ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಉತ್ತರವು ಕಣ್ಣೆದುರಿಗೆ ಇರುವ ತನಕ ಅಂತಹ ಪ್ರಶ್ನೆಯೊಂದು ಮನಸ್ಸಿನಲ್ಲಿ ಇತ್ತೆಂಬುದೇ ಗೊತ್ತಾಗುವುದಿಲ್ಲ. ಉತ್ತರವಿಲ್ಲದೆ ಹೋದಾಗ ಮಾತ್ರ ಮನುಷ್ಯ ತಬ್ಬಿಬ್ಬಾಗುತ್ತಾನೆ.

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಗೊಂದು ಜಾಲತಾಣವನ್ನು ರಚಿಸಬೇಕೆಂದು ಮಹೋತ್ಸವ ಸಮಿತಿಯು ತೀರ್ಮಾನಿಸಿತು. ಹಳೆ ವಿದ್ಯಾರ್ಥಿಗಳಲ್ಲಿ ಕೆಲವರು ಈ ಹೊಣೆಯನ್ನು ವಹಿಸಿಕೊಂಡು ಕರಡೊಂದನ್ನು ಸಿದ್ಧಪಡಿಸಿದರು. ಕಾಗುಣಿತದ ದೋಷಗಳೇನಾದರೂ ಉಳಿದಿವೆಯೇ ಎಂದು ನೋಡಿಕೊಡುವಂತೆ ನನ್ನನ್ನು ಕೇಳಿಕೊಂಡರು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಅಧ್ಯಾಪಕ ತರಬೇತಿ ಪಡೆದು, ಸೀಮೆಸುಣ್ಣದ ಧೂಳಿನಲ್ಲಿಯೇ ಆಯುಷ್ಯವನ್ನು ಕಳೆದ ನಾನು ಗಣಕಯಂತ್ರದ ಶಾಸ್ತ್ರವನ್ನು ಗುರುಮುಖೇನ ಕಲಿತವನಲ್ಲ. ಈ ಶಿಷ್ಯರೇ ಈಗ ಗುರುಗಳಾಗಿ, ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರಿಸಿದರು. ಕರಡಿನಲ್ಲಿ ಕಾಗುಣಿತದ ದೋಷಗಳು ಹೆಚ್ಚಿರಲಿಲ್ಲ. ಆದರೆ ಪ್ರತಿಯೊಂದು ಪುಟದ ಮೇಲ್ಭಾಗದಲ್ಲಿಯೂ ಮುಖಪುಟ, ಇತಿಹಾಸ, ತರಗತಿಗಳು, ಪ್ರವೇಶ, ಅಧ್ಯಾಪಕರು, ಹಳೆ ವಿದ್ಯಾರ್ಥಿಗಳು, ಚಿತ್ರಗಳು, ಸಂಪರ್ಕ ಎಂಬ ಎಂಟು ಮಾತುಗಳು ಒಂದೇ ಅಳತೆಯಲ್ಲಿ, ಒಂದೇ ಬಣ್ಣದಲ್ಲಿ ಸಾಲಾಗಿ ನಿಂತಿದ್ದವು. ಯಾವ ಪುಟಕ್ಕೆ ಹೋದರೂ ಆ ಸಾಲು ಹಾಗೆಯೇ ಇತ್ತು. ಎಂಟರಲ್ಲಿ ನಾವು ಈಗ ಓದುತ್ತಿರುವುದು ಯಾವುದು ಎಂಬುದನ್ನು ಅದು ಹೇಳುತ್ತಿರಲಿಲ್ಲ.

ಇದನ್ನು ಸೂಚಿಸಿದಾಗ ಅವರಲ್ಲೊಬ್ಬನು, "ಸಣ್ಣ ವಿಷಯವಲ್ಲವೇ ಮಾಷ್ಟ್ರೇ, ಹತ್ತು ನಿಮಿಷದ ಕೆಲಸ" ಎಂದನು. ಕೆಲಸ ಹತ್ತು ನಿಮಿಷದ್ದೇ ಇರಬಹುದು. ಆದರೆ ಅದರ ಹಿಂದಿರುವ ವಿಚಾರ ಅಷ್ಟು ಸಣ್ಣದಲ್ಲವೆಂದು ವಿಚಾರಿಸುತ್ತ ಹೋದಂತೆ ನನಗೆ ಮನದಟ್ಟಾಯಿತು. ಜಾಲತಾಣಗಳನ್ನು ದಿನವೂ ಬಳಸುವ ವಾಚಕ ಬಂಧುಗಳಿಗೂ, ಮುಂದೆ ಇಂತಹವನ್ನು ಕಟ್ಟಲಿರುವ ನಮ್ಮ ಮಕ್ಕಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಪಟ್ಟಿಯ ಪೂರ್ವೇತಿಹಾಸ

ಇಂದು ನಾವು ಕಾಣುವ ಜಾಲವು ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿತು. ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಪುಟದಲ್ಲಿರುವ ಒಂದು ಮಾತನ್ನು ಒತ್ತಿದರೆ ಇನ್ನೊಂದು ಪುಟ ತೆರೆದುಕೊಳ್ಳಬೇಕು ಎಂಬುದೇ ಇದರ ಮೂಲತತ್ತ್ವ. ಹಾಗೆ ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧ ಕಲ್ಪಿಸುವ ಮಾತಿಗೆ ಕೊಂಡಿ ಎನ್ನುತ್ತೇವೆ. ಒಂದು ತಾಣದ ಮುಖ್ಯ ಕೊಂಡಿಗಳನ್ನೆಲ್ಲ ಒಂದೆಡೆ ಜೋಡಿಸಿಟ್ಟರೆ ಅದೇ ಮೆನು. ಅರ್ಥಾತ್ ತಾಣದ ಪರಿವಿಡಿ. ಗ್ರಂಥದ ಪರಿವಿಡಿ ಮೊದಲಲ್ಲಿ ಒಂದೇ ಸಲ ಬರುತ್ತದೆ. ಜಾಲತಾಣದ ಪರಿವಿಡಿಯಾದರೋ ಪ್ರತಿಯೊಂದು ಪುಟದ ಮೇಲೂ ಮತ್ತೆ ಮತ್ತೆ ಬರುತ್ತದೆ. ಆದುದರಿಂದಲೇ ಅದರಲ್ಲಿ ಪ್ರಸ್ತುತ ಪುಟದ ಗುರುತು ಇರಬೇಕಾದ ಅಗತ್ಯ ಉಂಟಾಯಿತು.

ಮೊದಮೊದಲಿನ ಬ್ರೌಸರುಗಳಲ್ಲಿ ಕೊಂಡಿಗಳಿಗೆ ನೀಲಿ ಬಣ್ಣವೂ ಅಡಿಗೆರೆಯೂ ಇರುತ್ತಿದ್ದವು. ಒಮ್ಮೆ ನೋಡಿ ಬಂದ ಪುಟದ ಕೊಂಡಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಎಲ್ಲಿಗೆ ಹೋಗಿ ಬಂದೆವು ಎಂಬುದು ಇದರಿಂದ ತಿಳಿಯುತ್ತಿತ್ತೇ ಹೊರತು ಈಗ ಎಲ್ಲಿದ್ದೇವೆ ಎಂಬುದಲ್ಲ. ಪುಟಗಳ ಬಣ್ಣ, ಅಳತೆ, ಅಂದಚೆಂದಗಳನ್ನು ಪ್ರತ್ಯೇಕವಾಗಿ ನಿಯಮಿಸುವ ಸಿಎಸ್ಎಸ್ ಎಂಬ ಪದ್ಧತಿಯನ್ನು ನಾರ್ವೆಯ ಹಾಕೊನ್ ವಿಯಮ್ ಲೀ 1994ರಲ್ಲಿ ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ಅಂಗೀಕೃತವಾಯಿತು. ಈ ಪದ್ಧತಿಯಲ್ಲಿ ಕೊಂಡಿಯ ನಾಲ್ಕು ಅವಸ್ಥೆಗಳಿಗೆ ಬೇರೆ ಬೇರೆ ರೂಪಗಳನ್ನು ಕೊಡುವುದು ರೂಢಿಯಾಯಿತು: ಇನ್ನೂ ನೋಡದ ಕೊಂಡಿ, ನೋಡಿದ ಕೊಂಡಿ, ಮೌಸಿನ ಬಾಣ ಮೇಲೆ ಬಂದಾಗಿನ ಕೊಂಡಿ, ಒತ್ತುತ್ತಿರುವ ಕ್ಷಣದ ಕೊಂಡಿ. ಈ ಕೊನೆಯದಕ್ಕೆ 'ಆಕ್ಟಿವ್' ಎಂದು ಹೆಸರು. ಹೊಸಬರು ಇದನ್ನೇ ಪ್ರಸ್ತುತ ಪುಟದ ಗುರುತೆಂದು ಭಾವಿಸುವುದುಂಟು. ಆದರೆ ಬೆರಳೆತ್ತಿದೊಡನೆ ಅದು ಮಾಯವಾಗುತ್ತದೆ. 'ನೀವು ಇರುವ ಪುಟ ಇದು' ಎಂಬ ಐದನೆಯ ಅವಸ್ಥೆಯನ್ನು ತಾಣ ಕಟ್ಟುವವರು ತಾವಾಗಿಯೇ ಬರೆದು ಸೇರಿಸಬೇಕು. ಮರೆತರೆ ಅದು ಇಲ್ಲವೆಂದೇ ಲೆಕ್ಕ.

ಕ್ಯಾಲೆಂಡರಿನ ಕೆಂಪು ಚೌಕ

ನಮ್ಮ ಮನೆಗಳ ಗೋಡೆಗಳಲ್ಲಿ ತೂಗುವ ಕ್ಯಾಲೆಂಡರುಗಳಲ್ಲಿ ಕೆಲವಕ್ಕೆ ಒಂದು ಪಾರದರ್ಶಕ ಪಟ್ಟಿಯನ್ನು ಸುತ್ತಿ, ಅದರ ಮೇಲೆ ಸಣ್ಣದೊಂದು ಕೆಂಪು ಚೌಕವನ್ನು ಇಟ್ಟಿರುತ್ತಾರೆ. ಅದನ್ನು ಸರಿಸಿ ಅಂದಿನ ತಾರೀಕಿನ ಮೇಲೆ ನಿಲ್ಲಿಸಿದರೆ, ನೋಡಿದವರಿಗೆ ಆ ದಿನ ತಟ್ಟನೆ ತಿಳಿಯುತ್ತದೆ. ಚೌಕವಿಲ್ಲದ ಕ್ಯಾಲೆಂಡರಿನಲ್ಲಿಯೂ ಮೂವತ್ತು ತಾರೀಕುಗಳು ಇದ್ದೇ ಇರುತ್ತವೆ; ಇಂದಿನದು ಯಾವುದೆಂದು ನಾವೇ ಹುಡುಕಿಕೊಳ್ಳಬೇಕು. ಮೆನುವಿನಲ್ಲಿ ಪ್ರಸ್ತುತ ಪುಟವನ್ನು ಎತ್ತಿ ತೋರಿಸುವ ಗುರುತು ಈ ಕೆಂಪು ಚೌಕಕ್ಕೆ ಸಮಾನ.

ತಾಣದೊಳಗೆ ಮುಖಪುಟದ ಮೂಲಕವೇ ಬಂದವರಿಗೆ ತಾವು ಬಂದ ದಾರಿ ನೆನಪಿರಬಹುದು. ಆದರೆ ಹೆಚ್ಚಿನವರು ಹಾಗೆ ಬರುವುದಿಲ್ಲ. ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ ಕೊಂಡಿಯನ್ನು ಒತ್ತಿ, ಅಥವಾ ಗೂಗಲ್‌ನಲ್ಲಿ ಹುಡುಕಿ, ನೇರವಾಗಿ ಯಾವುದೋ ಒಳಪುಟಕ್ಕೆ ಬಂದು ಇಳಿಯುತ್ತಾರೆ. ಬಸ್ಸಿನಲ್ಲಿ ನಿದ್ದೆಹೋದವನು ಕಣ್ಣು ಬಿಟ್ಟೊಡನೆ ಊರಿನ ಫಲಕವನ್ನು ಅರಸುವಂತೆ ಅವರು ಮೇಲಿನ ಪಟ್ಟಿಯನ್ನು ನೋಡುತ್ತಾರೆ. ಅಲ್ಲಿ ಗುರುತಿದ್ದರೆ ಈ ಪುಟ ಯಾವುದು, ಇದರ ಅಕ್ಕಪಕ್ಕದಲ್ಲಿ ಏನೇನಿವೆ ಎಂಬ ಎರಡೂ ಸಂಗತಿಗಳು ಒಂದೇ ನೋಟಕ್ಕೆ ತಿಳಿಯುತ್ತವೆ.

ಗಡಿನಾಡಿನ ಕನ್ನಡ ಶಾಲೆಗೆ ಇದು ಬರಿಯ ಅಂದದ ಮಾತಲ್ಲ. ಮಗುವನ್ನು ಯಾವ ಮಾಧ್ಯಮದಲ್ಲಿ ಸೇರಿಸೋಣ ಎಂದು ಎರಡು ಮನಸ್ಸಿನಲ್ಲಿರುವ ತಂದೆತಾಯಂದಿರು ಇಂದು ಶಾಲೆಯ ಅಂಗಳಕ್ಕೆ ಕಾಲಿಡುವ ಮೊದಲು ಮೊಬೈಲಿನಲ್ಲಿ ಅದನ್ನು ನೋಡುತ್ತಾರೆ. ನಮ್ಮಲ್ಲಿ ಕನ್ನಡ ವಿಭಾಗ ಇದೆಯೇ, ಪ್ರವೇಶಕ್ಕೆ ಏನೇನು ಬೇಕು ಎಂಬುದನ್ನು ಅರಸಿ ಬಂದವರು ಎಲ್ಲಿದ್ದೇವೆಂದು ತಿಳಿಯದೆ ಮೂರು ಸಲ ಒಂದೇ ಪುಟಕ್ಕೆ ಬಂದು ಮುಟ್ಟಿದರೆ, ನಾಲ್ಕನೆಯ ಸಲ ಮೊಬೈಲನ್ನು ಕೆಳಗಿಡುತ್ತಾರೆ. ಪುಟವನ್ನು ಮುಚ್ಚಿ ಹೋದವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಒಂದನೆಯ ತರಗತಿಯಲ್ಲಿ ಒಂದೊಂದು ಮಗುವನ್ನೂ ಎಣಿಸಿ ನೋಡಬೇಕಾದ ಸ್ಥಿತಿಯಲ್ಲಿರುವ ಶಾಲೆಗಳಿಗೆ ಆ ನಷ್ಟ ಸಣ್ಣದಲ್ಲ.

ಯಂತ್ರಕ್ಕೆ ತಿಳಿಯುವ ಬಗೆ

ಕೆಂಪು ಚೌಕವನ್ನು ಸರಿಸುವವರು ಯಾರು? ಇದಕ್ಕೆ ಮುಖ್ಯವಾಗಿ ಮೂರು ಕ್ರಮಗಳಿವೆ.

ಮೊದಲನೆಯದು ಕೈಯಿಂದಲೇ ಗುರುತು ಹಾಕುವುದು. ಎಂಟು ಪುಟಗಳಿದ್ದರೆ ಎಂಟರಲ್ಲಿಯೂ ಪಟ್ಟಿಯನ್ನು ಬರೆದು, ಆಯಾ ಪುಟದಲ್ಲಿ ಆಯಾ ಹೆಸರಿಗೆ ಗುರುತು ಕೊಡುವುದು. ಚಿಕ್ಕ ತಾಣಕ್ಕೆ ಇದು ಸಾಕು. ಆದರೆ ಇಲ್ಲಿ ಒಂದು ಅಪಾಯವಿದೆ. ಹೊಸ ಪುಟ ಬೇಕಾದಾಗ ಹಳೆಯದೊಂದನ್ನು ನಕಲು ಮಾಡಿ ತಿದ್ದುವುದು ರೂಢಿ. ಆಗ ಗುರುತು ಹಳೆಯ ಹೆಸರಿನ ಮೇಲೆಯೇ ಉಳಿದುಬಿಡುತ್ತದೆ. ನಾವಿರುವುದು 'ಪ್ರವೇಶ'ದಲ್ಲಿ, ಪಟ್ಟಿ ತೋರಿಸುವುದು 'ಇತಿಹಾಸ'ವನ್ನು! ಮೊನ್ನೆಯ ತಾರೀಕಿನ ಮೇಲೆ ನಿಂತುಹೋದ ಕೆಂಪು ಚೌಕದಂತೆ ಅದು ಸುಳ್ಳು ಹೇಳುತ್ತದೆ. ಗುರುತಿಲ್ಲದಿರುವುದಕ್ಕಿಂತ ತಪ್ಪು ಗುರುತಿರುವುದು ಹೆಚ್ಚು ಕೆಡುಕು.

ಎರಡನೆಯದು, ಪುಟಗಳನ್ನು ಸಿದ್ಧಪಡಿಸಿ ಕಳುಹಿಸುವ ಸರ್ವರ್ ಎಂಬ ಯಂತ್ರವೇ ಗುರುತು ಹಾಕುವುದು. ಓದುಗನು ಕೇಳಿದ ಪುಟದ ವಿಳಾಸವನ್ನೂ ಪಟ್ಟಿಯಲ್ಲಿರುವ ಒಂದೊಂದು ಹೆಸರಿನ ವಿಳಾಸವನ್ನೂ ಅದು ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆದಲ್ಲಿ ಗುರುತು ಇಡುತ್ತದೆ. ಪಟ್ಟಿಯನ್ನು ಒಂದೇ ಕಡೆ ಬರೆದರೆ ಸಾಕು. ವರ್ಡ್‌ಪ್ರೆಸ್ ಮುಂತಾದ ಸಿದ್ಧ ವ್ಯವಸ್ಥೆಗಳು ಈ ಗುರುತಿನ ಹೆಸರನ್ನು ತಾವಾಗಿಯೇ ಸೇರಿಸಿಕೊಡುತ್ತವೆ. ಅದಕ್ಕೆ ಕಣ್ಣಿಗೆ ಕಾಣುವಂತಹ ರೂಪವನ್ನು ಕೊಡುವುದಷ್ಟೇ ನಮ್ಮ ಕೆಲಸ. ಮೂರನೆಯ ಕ್ರಮದಲ್ಲಿ ಇದೇ ಹೋಲಿಕೆಯನ್ನು ಓದುಗನ ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಕೆಲವು ಸಾಲುಗಳು ಮಾಡುತ್ತವೆ.

ಹೋಲಿಕೆ ಎಂದೊಡನೆ ಸುಲಭವೆಂದು ತೋರುತ್ತದೆ. ಆದರೆ ಯಂತ್ರಕ್ಕೆ ವಿವೇಚನೆಯಿಲ್ಲ. ವಿಳಾಸದ ಕೊನೆಯಲ್ಲಿ ಒಂದು ಓರೆಗೆರೆ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು ಎಂದು ಅದು ತಿಳಿಯುತ್ತದೆ. ಮುಖಪುಟದ ವಿಳಾಸವಾದರೋ ಬರಿಯ ಓರೆಗೆರೆ. ಉಳಿದೆಲ್ಲ ಪುಟಗಳ ವಿಳಾಸಗಳೂ ಆ ಓರೆಗೆರೆಯಿಂದಲೇ ಆರಂಭವಾಗುತ್ತವೆ. ವಿಳಾಸದ ಆರಂಭ ಹೊಂದಿದರೆ ಗುರುತು ಹಾಕು ಎಂದು ಯಂತ್ರಕ್ಕೆ ಹೇಳಿದರೆ, ಎಲ್ಲ ಪುಟಗಳಲ್ಲಿಯೂ ಮುಖಪುಟಕ್ಕೆ ಗುರುತು ಬಿದ್ದೇ ಬೀಳುತ್ತದೆ. ಆದುದರಿಂದ ಮುಖಪುಟಕ್ಕೆ ಮಾತ್ರ 'ಪೂರ್ತಿ ಹೊಂದಬೇಕು' ಎಂಬ ನಿಯಮವನ್ನು ಬೇರೆಯಾಗಿ ಬರೆಯಬೇಕಾಗುತ್ತದೆ.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಪುಟದ ವಿಳಾಸವನ್ನೇ ಕನ್ನಡದಲ್ಲಿ ಇಡಬೇಕೆಂಬ ಆಸೆ ನಮ್ಮ ಹುಡುಗರಿಗೆ. ಇಡಬಹುದು. ಆದರೆ ಜಾಲದಲ್ಲಿ ಹರಿಯುವಾಗ ಕನ್ನಡದ ಅಕ್ಷರಗಳು ಶೇಕಡಾ ಚಿಹ್ನೆಗಳೂ ಅಂಕಿ-ಅಕ್ಷರಗಳೂ ಬೆರೆತ ಸಂಕೇತಗಳಾಗಿ ಮಾರ್ಪಡುತ್ತವೆ. 'ಪ್ರವೇಶ' ಎಂಬ ಮಾತು ನಮ್ಮ ಲೆಕ್ಕದಲ್ಲಿ ಮೂರಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಪಕಾರ, ವಿರಾಮ, ರಕಾರ, ವಕಾರ, ಏತ್ವ, ಶಕಾರ ಎಂದು ಆರು ಘಟಕಗಳು. ಒಂದೊಂದಕ್ಕೂ ಒಂಬತ್ತು ಚಿಹ್ನೆಗಳಂತೆ ವಿಳಾಸದಲ್ಲಿ ಅದು 54 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಪಟ್ಟಿಯಲ್ಲಿ ಕನ್ನಡದಲ್ಲಿರುವ ಮಾತನ್ನೂ ವಿಳಾಸದಲ್ಲಿರುವ ಈ ಉದ್ದದ ಸಂಕೇತವನ್ನೂ ನೇರವಾಗಿ ಹೋಲಿಸಿದರೆ ಯಂತ್ರವು 'ಬೇರೆ ಬೇರೆ' ಎಂದೇ ತೀರ್ಪು ಕೊಡುತ್ತದೆ. ಸಂಕೇತವನ್ನು ಮೊದಲು ಬಿಡಿಸಿ ಕನ್ನಡಕ್ಕೆ ತಂದು, ಆಮೇಲೆ ಹೋಲಿಸಬೇಕು. ಇಷ್ಟೇ ಅಲ್ಲ, 'ವೇ' ಎಂಬಲ್ಲಿರುವ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಹಾಗೂ ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ; ಯಂತ್ರಕ್ಕೆ ಎರಡು. ಇವನ್ನು ಏಕರೂಪಕ್ಕೆ ತರುವ ಸೌಲಭ್ಯ ಜಾವಾಸ್ಕ್ರಿಪ್ಟಿನಲ್ಲಿಯೇ ಇದೆ. ಕಾಗುಣಿತ ಕಲಿಸಿದ ನಮ್ಮಂತಹವರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಬಣ್ಣವೊಂದೇ ಸಾಲದು

ಗುರುತು ಹೇಗಿರಬೇಕು? ಮೊದಲಿಗೆ ಹುಡುಗರು ಪ್ರಸ್ತುತ ಪುಟದ ಹೆಸರನ್ನು ಹಸುರಿನಿಂದ ಕೆಂಪಿಗೆ ಬದಲಾಯಿಸಿ ತಂದು ತೋರಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಪುರುಷರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು-ಹಸುರುಗಳ ಭೇದ ಸ್ಪಷ್ಟವಾಗಿ ತಿಳಿಯುವುದಿಲ್ಲ. ಸ್ತ್ರೀಯರಲ್ಲಿ ಇದು ಬಹು ವಿರಳ. ಭೂಪಟದಲ್ಲಿ ಬಣ್ಣ ನೋಡಿ ರಾಜ್ಯಗಳನ್ನು ಗುರುತಿಸಲು ಹೇಳಿದಾಗ ತಡವರಿಸುವ ಹುಡುಗ ಎಲ್ಲ ತರಗತಿಗಳಲ್ಲಿಯೂ ಒಬ್ಬನಾದರೂ ಇರಬಹುದೆಂಬುದನ್ನು ಅಧ್ಯಾಪಕರು ನೆನಪಿಡಬೇಕು. ಕಣ್ಣಿನ ಪೊರೆ ಬೆಳೆದ ವೃದ್ಧರಿಗೆ ಎಲ್ಲ ಬಣ್ಣಗಳೂ ಮಸುಕು. ಬಿಸಿಲಿನಲ್ಲಿ ಮೊಬೈಲ್ ಹಿಡಿದವರಿಗೆ ಬಣ್ಣಗಳ ಸೂಕ್ಷ್ಮ ವ್ಯತ್ಯಾಸ ಕಾಣುವುದೇ ಇಲ್ಲ.

ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಎಂಬ ಒಕ್ಕೂಟವು 2008ರಲ್ಲಿ ಹೊರಡಿಸಿದ ಸುಗಮ್ಯತೆಯ ನಿಯಮಾವಳಿಯಲ್ಲಿ, ಯಾವುದೇ ಸಂಗತಿಯನ್ನು ಬಣ್ಣವೊಂದರಿಂದಲೇ ಸೂಚಿಸಬಾರದೆಂದು ಹೇಳಿದೆ. ಬಣ್ಣದ ಜೊತೆಗೆ ಅಡಿಯಲ್ಲೊಂದು ದಪ್ಪ ಪಟ್ಟಿಯೋ, ಸುತ್ತ ಚೌಕಟ್ಟೋ, ದಪ್ಪಕ್ಷರವೋ, ಮೊದಲಲ್ಲೊಂದು ಚಿಹ್ನೆಯೋ ಇರಬೇಕು. ಅದೇ ನಿಯಮಾವಳಿಯ ಪ್ರಕಾರ ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕು. ಬಿಳಿಯ ಮೇಲೆ ಕಪ್ಪು ಬರೆದರೆ ಈ ಪ್ರಮಾಣ 21ಕ್ಕೆ 1, ಅದಕ್ಕಿಂತ ಹೆಚ್ಚಿನದಿಲ್ಲ. ಶುದ್ಧ ಹಳದಿಯ ಮೇಲೆ ಕಪ್ಪು ಬರೆದರೆ ಸುಮಾರು 19.5ಕ್ಕೆ 1. ರೈಲು ನಿಲ್ದಾಣದ ಫಲಕ ದೂರದಿಂದಲೂ ಕಾಣುವುದರ ಗುಟ್ಟು ಇದೇ. ಅದೇ ಹಳದಿಯಿಂದ ಬಿಳಿಯ ಮೇಲೆ ಬರೆದರೆ ಪ್ರಮಾಣ 1ಕ್ಕೆ 1ರ ಸಮೀಪಕ್ಕೆ ಇಳಿಯುತ್ತದೆ, ಬರೆದೂ ಬರೆಯದಂತೆ. ಅಕ್ಷರವಲ್ಲದ ಗೆರೆ, ಚೌಕಟ್ಟು ಮುಂತಾದ ಅಗತ್ಯ ಗುರುತುಗಳಿಗೂ ಕನಿಷ್ಠ 3ಕ್ಕೆ 1ರ ಪ್ರಮಾಣ ಇರಬೇಕೆಂದು 2018ರ ಆವೃತ್ತಿಯಲ್ಲಿ ಸೇರಿಸಿದ್ದಾರೆ.

ಕನ್ನಡ ಲಿಪಿಯ ವಿಶೇಷ

ಆಂಗ್ಲ ಭಾಷೆಯ ತಾಣಗಳಿಗಾಗಿ ಹೇಳಿದ ಉಪಾಯಗಳನ್ನೆಲ್ಲ ಕನ್ನಡಕ್ಕೆ ಹಾಗೆಯೇ ತರಲಾಗುವುದಿಲ್ಲ. ಅಲ್ಲಿ ಅಕ್ಷರದ ಕೆಳಗೆ ಗೆರೆ ಎಳೆಯುವುದು ಸುಲಭ. ಕೆಳಗಿಳಿಯುವ ಅಕ್ಷರಗಳು ಕೆಲವೇ. ನಮ್ಮಲ್ಲಿ ಒತ್ತಕ್ಷರಗಳ ವಾಸಸ್ಥಾನವೇ ಕೆಳಗೆ. 'ಹಳೆ ವಿದ್ಯಾರ್ಥಿಗಳು', 'ಚಿತ್ರಗಳು' ಎಂಬ ಮಾತುಗಳಿಗೆ ಅಡಿಗೆರೆ ಎಳೆದು ನೋಡಿ. ಗೆರೆಯು ಯಕಾರದ ಒತ್ತನ್ನೂ ರಕಾರದ ಒತ್ತನ್ನೂ ಸೀಳಿಕೊಂಡು ಹೋಗುತ್ತದೆ. ಇತ್ತೀಚಿನ ಬ್ರೌಸರುಗಳು ಅಕ್ಷರ ಅಡ್ಡ ಬಂದಲ್ಲಿ ಗೆರೆಯನ್ನು ತುಂಡರಿಸುತ್ತವೆ. ಕನ್ನಡದಲ್ಲಿ ಹಾಗೆ ಮಾಡಿದರೆ ಉಳಿಯುವುದು ಗೆರೆಯಲ್ಲ, ಗೆರೆಯ ಚೂರುಗಳು. ಆದುದರಿಂದ ಒತ್ತಕ್ಷರಗಳೆಲ್ಲ ಮುಗಿದ ಮೇಲೆ, ಇನ್ನಷ್ಟು ಕೆಳಗೆ, ಅಕ್ಷರಕ್ಕೆ ತಾಗದಂತೆ ದಪ್ಪ ಪಟ್ಟಿಯನ್ನು ಇಡುವುದು ಲೇಸು. ಹಿನ್ನೆಲೆಗೆ ಬಣ್ಣ ಕೊಡುವುದಾದರೆ ಮೇಲಿನ ಗುಡಿಸು, ಕೆಳಗಿನ ಒತ್ತು ಎರಡೂ ಬಣ್ಣದೊಳಗೇ ಅಡಕವಾಗುವಂತೆ ಎತ್ತರವನ್ನು ಹೆಚ್ಚಿಸಬೇಕು.

ದಪ್ಪಕ್ಷರದಲ್ಲಿಯೂ ಎಚ್ಚರ ಬೇಕು. ನಾವು ಆರಿಸಿದ ಅಕ್ಷರಮಾದರಿಯಲ್ಲಿ ನಿಜವಾದ ದಪ್ಪ ರೂಪ ಇಲ್ಲದಿದ್ದರೆ, ಬ್ರೌಸರು ಇದ್ದ ಅಕ್ಷರವನ್ನೇ ಹಿಗ್ಗಿಸಿ ದಪ್ಪದಂತೆ ತೋರಿಸುತ್ತದೆ. ಆಗ ನಮ್ಮ ದುಂಡಕ್ಷರಗಳ ಒಳಗಿನ ಬಯಲು ಮುಚ್ಚಿಹೋಗುತ್ತದೆ. ಸಣ್ಣ ಗಾತ್ರದಲ್ಲಿ 'ಪ' ಯಾವುದು, 'ಷ' ಯಾವುದು ಎಂದು ತಿಳಿಯದು. ನೋಟೊ ಸಾನ್ಸ್ ಕನ್ನಡದಂತೆ ತೆಳುವಿನಿಂದ ದಪ್ಪದವರೆಗೆ ಹಲವು ರೂಪಗಳುಳ್ಳ ಮಾದರಿಗಳು ಈಗ ಉಚಿತವಾಗಿ ದೊರೆಯುತ್ತವೆ. ಅಂತಹವನ್ನು ಆರಿಸುವುದು ಉಚಿತ. ಆಂಗ್ಲರಂತೆ ಓರೆಯಕ್ಷರದಿಂದ ಗುರುತಿಸುವ ಸಂಪ್ರದಾಯ ನಮ್ಮ ಲಿಪಿಗೆ ಇಲ್ಲ. ಅದನ್ನು ಬಲವಂತವಾಗಿ ವಾಲಿಸುವುದು ಬೇಡ.

ಕಣ್ಣು ಕಾಣದವರಿಗೂ ತಿಳಿಯಬೇಕು

ಇಷ್ಟೆಲ್ಲ ಮಾಡಿದರೂ ಗುರುತು ಕಣ್ಣಿಗೆ ಮಾತ್ರ ತಿಳಿಯಿತು. ದೃಷ್ಟಿಯಿಲ್ಲದವರು ಗಣಕಯಂತ್ರವನ್ನು ಬಳಸುವುದು ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಅವುಗಳಲ್ಲಿ ಎನ್‌ವಿಡಿಎ ಎಂಬುದು ಉಚಿತ. ದೃಷ್ಟಿಹೀನರಾದ ಇಬ್ಬರು ಆಸ್ಟ್ರೇಲಿಯದ ತರುಣರು 2006ರಲ್ಲಿ ಆರಂಭಿಸಿದ ಕಾರ್ಯ ಅದು. ಪಟ್ಟಿಯ ಹೆಸರುಗಳನ್ನು ಅದು ಒಂದೊಂದಾಗಿ ಓದುತ್ತದೆ. ಕೆಂಪು ಬಣ್ಣವಾಗಲಿ ದಪ್ಪ ಪಟ್ಟಿಯಾಗಲಿ ಪ್ರಸ್ತುತ ಪುಟದ ಗುರುತೆಂದು ಅದಕ್ಕೆ ತಿಳಿಯುವುದಿಲ್ಲ.

ಇದಕ್ಕಾಗಿಯೇ ಡಬ್ಲ್ಯೂ3ಸಿ ಒಕ್ಕೂಟವು 2017ರ ಡಿಸೆಂಬರಿನಲ್ಲಿ ಅಂಗೀಕರಿಸಿದ ನಿಯಮಗಳಲ್ಲಿ 'ಏರಿಯಾ-ಕರೆಂಟ್' ಎಂಬ ಒಂದು ಲಕ್ಷಣವನ್ನು ಸೇರಿಸಲಾಯಿತು. ಪ್ರಸ್ತುತ ಪುಟದ ಕೊಂಡಿಗೆ ಈ ಲಕ್ಷಣವನ್ನು ಬರೆದು, ಅದರ ಬೆಲೆ 'ಪೇಜ್' ಎಂದು ಕೊಟ್ಟರೆ, ಓದುವ ತಂತ್ರಾಂಶವು ಆ ಹೆಸರನ್ನು ಹೇಳುವಾಗ 'ಇದು ಪ್ರಸ್ತುತ ಪುಟ' ಎಂಬರ್ಥದ ಮಾತನ್ನೂ ಸೇರಿಸಿ ಹೇಳುತ್ತದೆ. ಪರದೆಯ ಮೇಲೆ ಇದರಿಂದ ಯಾವ ಬದಲಾವಣೆಯೂ ಕಾಣದು. ಇದೇ ಲಕ್ಷಣಕ್ಕೆ ಇತರ ಬೆಲೆಗಳೂ ಉಂಟು: ಹಲವು ಹಂತಗಳ ಅರ್ಜಿಯಲ್ಲಿ ಈಗಿನ ಹಂತಕ್ಕೆ ಒಂದು, ಕ್ಯಾಲೆಂಡರಿನಲ್ಲಿ ಇಂದಿನ ತಾರೀಕಿಗೆ ಒಂದು. ಕೆಂಪು ಚೌಕವನ್ನು ಕಿವಿಗೂ ಕೇಳಿಸುವ ಉಪಾಯ ಇದು! ಹಂತದ ಗುರುತಿನ ಬೆಲೆ ನನಗೆ ಅನುಭವದಿಂದ ಗೊತ್ತು. ಒಂದು ಕಚೇರಿಯ ಜಾಲತಾಣದಲ್ಲಿ ಹಲವು ಹಂತಗಳ ಅರ್ಜಿಯನ್ನು ತುಂಬುವಾಗ ಎಷ್ಟನೆಯ ಹಂತದಲ್ಲಿದ್ದೇನೆಂದು ಅದು ಹೇಳದೆ, ಮುಗಿಯಿತೆಂದು ತಿಳಿದಲ್ಲಿ ಮುಗಿಯದೆ, ಒಂದು ಬೆಳಗ್ಗೆ ಪೂರ್ತಿ ಅದರಲ್ಲೇ ಕಳೆಯಿತು. ಕಣ್ಣಿದ್ದವರ ಪಾಡು ಇದಾದರೆ ಇಲ್ಲದವರ ಪಾಡನ್ನು ಊಹಿಸಬಹುದು.

ಪುಟದ ಭಾಷೆ ಕನ್ನಡವೆಂದು ಪುಟದ ಆರಂಭದಲ್ಲಿಯೇ ಯಂತ್ರಕ್ಕೆ ತಿಳಿಸಿರಬೇಕು. ಇಲ್ಲವಾದರೆ ಅದು ಬೇರೆ ಭಾಷೆಯ ಧ್ವನಿಯಲ್ಲಿ ಕನ್ನಡವನ್ನು ಓದಲು ಹೋಗಿ ಅನರ್ಥವಾದೀತು. ಇದು ಉದಾರತೆಯ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಮಾಹಿತಿ ತಂತ್ರಜ್ಞಾನವು ಎಲ್ಲರಿಗೂ ಎಟಕುವಂತಿರಬೇಕೆಂದು ವಿಧಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೌಲಭ್ಯಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿದೆ.

ಸಣ್ಣ ಪರದೆ, ಹಲವು ಭಾಷೆ

ಮೊಬೈಲಿನ ಪರದೆಯಲ್ಲಿ ಎಂಟು ಹೆಸರುಗಳಿಗೆ ಸ್ಥಳವಿಲ್ಲ. ಒಂದರ ಕೆಳಗೊಂದು ಮೂರು ಗೆರೆಗಳ ಚಿಹ್ನೆಯ ಹಿಂದೆ ಪಟ್ಟಿಯನ್ನು ಅಡಗಿಸಿಡುತ್ತಾರೆ. ಆ ಚಿಹ್ನೆಯನ್ನು ನಾರ್ಮ್ ಕಾಕ್ಸ್ ಎಂಬವರು 1981ರಷ್ಟು ಹಿಂದೆಯೇ ಜೆರಾಕ್ಸ್ ಕಂಪೆನಿಯ ಸ್ಟಾರ್ ಎಂಬ ಗಣಕಕ್ಕಾಗಿ ರಚಿಸಿದ್ದರು. ಪಟ್ಟಿ ಅಡಗಿದರೆ ಗುರುತೂ ಅಡಗಿತು. ಆದುದರಿಂದ ಪುಟದ ಆರಂಭದಲ್ಲಿ ಪಟ್ಟಿಯಲ್ಲಿರುವ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಶೀರ್ಷಿಕೆಯಾಗಿ ಕೊಡಬೇಕು. ಪಟ್ಟಿಯಲ್ಲಿ 'ಪ್ರವೇಶ' ಎಂದೂ ಶೀರ್ಷಿಕೆಯಲ್ಲಿ 'ದಾಖಲಾತಿ' ಎಂದೂ ಇದ್ದರೆ ಓದುಗನು ಬೇರೆಲ್ಲಿಗೋ ಬಂದೆನೆಂದು ಸಂಶಯಪಡುತ್ತಾನೆ.

ಪುಟದೊಳಗೆ ಪುಟವಿರುವಲ್ಲಿ, ಉದಾಹರಣೆಗೆ 'ತರಗತಿಗಳು' ಎಂಬುದರ ಅಡಿಯಲ್ಲಿ 'ಕನ್ನಡ ವಿಭಾಗ' ಇರುವಲ್ಲಿ, ಒಳಗಿನದಕ್ಕೆ ಗಾಢವಾದ ಗುರುತನ್ನೂ ಹೊರಗಿನದಕ್ಕೆ ತೆಳುವಾದ ಗುರುತನ್ನೂ ಕೊಡುವುದು ವಾಡಿಕೆ. ಜೊತೆಗೆ 'ಮುಖಪುಟ, ತರಗತಿಗಳು, ಕನ್ನಡ ವಿಭಾಗ' ಎಂದು ದಾರಿಯನ್ನು ಒಂದು ಸಾಲಿನಲ್ಲಿ ಬರೆಯುವುದೂ ಉಂಟು. ಗ್ರಿಮ್ ಸಹೋದರರು ಸಂಗ್ರಹಿಸಿದ ಕಥೆಯಲ್ಲಿ ಕಾಡಿಗೆ ಹೋದ ಮಕ್ಕಳು ದಾರಿಯುದ್ದಕ್ಕೂ ಉದುರಿಸಿದ ರೊಟ್ಟಿಯ ಚೂರುಗಳಿಂದ ಇದಕ್ಕೆ ಹೆಸರು ಬಂದಿದೆ. ಕಥೆಯಲ್ಲಿ ಆ ಚೂರುಗಳನ್ನು ಹಕ್ಕಿಗಳು ತಿಂದುಬಿಟ್ಟವು. ಜಾಲತಾಣದಲ್ಲಿ ಆ ಭಯವಿಲ್ಲ.

ಗಡಿನಾಡಿನ ತಾಣಕ್ಕೆ ಇನ್ನೊಂದು ಪಟ್ಟಿಯೂ ಬೇಕು. ಅದು ಭಾಷೆಗಳ ಪಟ್ಟಿ. ಕನ್ನಡ, ಮಲಯಾಳ, ಇಂಗ್ಲಿಷ್ ಈ ಮೂರನ್ನೂ ಆಯಾ ಲಿಪಿಯಲ್ಲಿಯೇ ಬರೆದು, ಈಗ ಓದುತ್ತಿರುವ ಭಾಷೆಗೆ ಗುರುತು ಹಾಕಬೇಕು. 'ಪ್ರವೇಶ' ಪುಟವನ್ನು ಕನ್ನಡದಲ್ಲಿ ಓದುತ್ತಿರುವವನು ಮಲಯಾಳವನ್ನು ಒತ್ತಿದರೆ ಮಲಯಾಳದ 'ಪ್ರವೇಶ' ಪುಟವೇ ತೆರೆಯಬೇಕು, ಮುಖಪುಟಕ್ಕೆ ಅಟ್ಟಬಾರದು. ಭಾಷೆ ಬದಲಾದ ಮಾತ್ರಕ್ಕೆ ನಿಂತ ನೆಲ ಬದಲಾಗಬಾರದು. ಇದು ಜಾಲತಾಣದ ನಿಯಮವೂ ಹೌದು, 1956ರ ನವೆಂಬರ್ 1ರಿಂದ ಈಚೆಗೆ ನಮ್ಮ ಹಿರಿಯರು ಬಾಳಿ ತೋರಿಸಿದ ಪಾಠವೂ ಹೌದು.

ಅರಿಕೆ

ನಮ್ಮ ಜಾಲತಾಣದಲ್ಲಿ ಈಗ ಪ್ರಸ್ತುತ ಪುಟದ ಹೆಸರು ತಿಳಿ ಹಳದಿ ಹಿನ್ನೆಲೆಯಲ್ಲಿ ಕಪ್ಪು ದಪ್ಪಕ್ಷರದಲ್ಲಿದೆ. ಕೆಳಗೆ ಒತ್ತಕ್ಷರಗಳಿಗೆ ತಾಗದಂತೆ ಕಡುಗೆಂಪು ಪಟ್ಟಿಯಿದೆ. ಕಿವಿಯಿಂದ ಓದುವವರಿಗಾಗಿ ಮೇಲೆ ಹೇಳಿದ ಲಕ್ಷಣವನ್ನೂ ಬರೆದಿದ್ದಾರೆ. ಹತ್ತು ನಿಮಿಷದ ಕೆಲಸ ಮೂರು ಸಂಜೆಗಳನ್ನು ತೆಗೆದುಕೊಂಡಿತು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕೂಟಗಳ ಮೂಲಕ ನಮ್ಮ ಮಕ್ಕಳೂ ಇಂತಹ ವಿದ್ಯೆಯಲ್ಲಿ ಪಳಗುತ್ತಿದ್ದಾರೆ. ಅವರಲ್ಲಿ ಯಾರಾದರೂ ಮುಂದೆ ಊರಿನ ವಾಚನಾಲಯಕ್ಕ್ಕೋ ಸಹಕಾರಿ ಸಂಘಕ್ಕೋ ಆರಾಧನಾಲಯಕ್ಕೋ ತಾಣವೊಂದನ್ನು ಕಟ್ಟುವಾಗ, ಮುಗಿಸುವ ಮೊದಲು ಒಂದು ಪರೀಕ್ಷೆ ಮಾಡಲಿ. ಮನೆಯ ಹಿರಿಯರೊಬ್ಬರ ಕೈಗೆ ಮೊಬೈಲನ್ನು ಕೊಟ್ಟು, ಯಾವುದಾದರೊಂದು ಒಳಪುಟವನ್ನು ತೆರೆದಿಟ್ಟು, 'ಅಜ್ಜಾ, ಈಗ ಯಾವ ಪುಟದಲ್ಲಿದ್ದೀರಿ?' ಎಂದು ಕೇಳಲಿ. ಕ್ಷಣಮಾತ್ರದಲ್ಲಿ ಉತ್ತರ ಬಂದರೆ ತಾಣ ಉತ್ತೀರ್ಣವಾಯಿತೆಂದು ತಿಳಿಯಬಹುದು. ತಡವರಿಸಿದರೆ ಅಜ್ಜನನ್ನು ದೂರಬೇಡಿ, ಪಟ್ಟಿಯನ್ನು ತಿದ್ದಿರಿ.

ಐವತ್ತು ವರ್ಷಗಳನ್ನು ಪೂರೈಸಿದ ನಮ್ಮ ವಿದ್ಯಾಸಂಸ್ಥೆಯನ್ನು ಅರಸಿ ಬರುವ ಎಲ್ಲರಿಗೂ ಅದರ ಬಾಗಿಲು ಸುಲಭವಾಗಿ ಕಾಣಲಿ, ಕನ್ನಡ ವಿಭಾಗದ ಬೆಂಚುಗಳು ತುಂಬಿರಲಿ ಎಂದು ಹಾರೈಸುತ್ತೇನೆ.